ಕುಡಿಯುವ ನೀರಿನ ವಿಷ ಪತ್ತೆಗೆ ಕೈಚೀಲದ ಪ್ರಯೋಗಾಲಯ

ಮಂಡ್ಯ: ನಾಗಮಂಗಲ ಸೀಮೆಯಲ್ಲಿ ಹುಟ್ಟುವ ಲೋಕಪಾವನಿ ಪಾಂಡವಪುರವನ್ನು ಹಾದು ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತಾಳೆ. ಕೆ.ಆರ್.ಪೇಟೆ ತಾಲ್ಲೂಕಿನ ಮೂಲಕ ಬರುವ ಹೇಮಾವತಿ ಕೃಷ್ಣರಾಜಸಾಗರದ ಹಿನ್ನೀರಿಗೆ ಕೂಡುತ್ತಾಳೆ. ನಾಲ್ಕೂ ತಾಲ್ಲೂಕುಗಳ ನೀರು ಒಂದೇ ಕಣಿವೆಗೆ ಇಳಿದರೂ ಕುಡಿಯುವ ನೀರಿನ ತೊಂದರೆ ಒಂದೇ ಬಗೆಯದಲ್ಲ.

ಕೊಳವೆಬಾವಿಯನ್ನೇ ನೆಚ್ಚಿರುವ ನಾಗಮಂಗಲ ಮತ್ತು ಕೆ.ಆರ್.ಪೇಟೆಯ ಒಣಪ್ರದೇಶಗಳಲ್ಲಿ, ಬಂಡೆಯ ಖನಿಜಗಳಿಂದ ಕರಗಿ ಬರುವ ಫ್ಲೋರೈಡ್ ಮುಖ್ಯ ಚಿಂತೆ. ನಾಲೆ ನೀರಾವರಿಯ ಪಾಂಡವಪುರ, ಶ್ರೀರಂಗಪಟ್ಟಣಗಳ ಕಬ್ಬು, ಭತ್ತದ ಬಯಲಿನಲ್ಲಿ ಗೊಬ್ಬರದ ನೈಟ್ರೇಟ್ ಮತ್ತು ಕಳೆನಾಶಕ, ಕೀಟನಾಶಕಗಳ ಶೇಷವನ್ನೂ ಪರೀಕ್ಷಿಸಬೇಕಾಗುತ್ತದೆ. ಫ್ಲೋರೈಡ್, ನೈಟ್ರೇಟ್‌ಗಳು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ.

ಅನೇಕರ ಬಳಿ ಇರುವ ಟಿಡಿಎಸ್ ಮೀಟರು ಈ ಕೆಲಸಕ್ಕೆ ಬಾರದು. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಕೀಟನಾಶಕ ಬೆರೆತ ನೀರಿನಲ್ಲೂ ಅಂಕಿ ಕಡಿಮೆಯೇ ಇರಬಹುದು. ಅದನ್ನು ತೋರಿಸಿ ನೀರು ಶುದ್ಧವೆನ್ನುವ ಮಾರಾಟಗಾರರ ಮಾತಿಗೆ ಆಧಾರವಿಲ್ಲ.

ಭಾರತೀಯ ಮಾನಕ 10500 (2012) ಪ್ರಕಾರ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ವಿನಾಯಿತಿ. ನೈಟ್ರೇಟ್‌ಗೆ 45 ಮಿಲಿಗ್ರಾಂ. ಕಳೆನಾಶಕ ಅಟ್ರಜಿನ್‌ಗೆ ಮಿತಿ 2 ಮೈಕ್ರೋಗ್ರಾಂ, ಎಂಡೋಸಲ್ಫಾನ್‌ಗೆ 0.4 ಮೈಕ್ರೋಗ್ರಾಂ, ಅಂದರೆ ಫ್ಲೋರೈಡಿನ ವಿನಾಯಿತಿ ಮಿತಿಯ 3,750ರಲ್ಲಿ ಒಂದು ಪಾಲು. ಸೆನ್ಸರುಗಳ ಕಷ್ಟವೆಲ್ಲ ಇಲ್ಲಿದೆ.

ಫ್ಲೋರೈಡ್ ಅಳೆಯುವುದು ಸುಲಭ. ಲ್ಯಾಂಥನಂ ಫ್ಲೋರೈಡ್ ಹರಳಿನ ಎಲೆಕ್ಟ್ರೋಡನ್ನು ನೀರಿಗಿಳಿಸಿದರೆ ಕೈಯಲ್ಲಿ ಹಿಡಿಯುವ ಮೀಟರಿನಲ್ಲಿ ಮಿಲಿವೋಲ್ಟ್ ಅಂಕಿ ಮೂಡುತ್ತದೆ. ತಿಳಿದ ಪ್ರಮಾಣದ ದ್ರಾವಣದೊಡನೆ ಅದನ್ನು ಆಗಾಗ ತಾಳೆ ನೋಡದಿದ್ದರೆ ಮಾತ್ರ ಅಂಕಿಯನ್ನು ನಂಬುವಂತಿಲ್ಲ.

ಕೀಟನಾಶಕಗಳ ವಿಷಯ ಬೇರೆ. ಎಂಡೋಸಲ್ಫಾನ್ ಸೋಕಿದಾಗ ಚಿನ್ನದ ನ್ಯಾನೋಕಣಗಳ ಕೆಂಪು ದ್ರಾವಣ ನೀಲಿಗೆ ತಿರುಗುವುದನ್ನು ಮದರಾಸಿನ ಐಐಟಿ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಆದರೆ ಅದು ಲೀಟರಿಗೆ ಮಿಲಿಗ್ರಾಂ ಮಟ್ಟದ ಪತ್ತೆ. ಕುಡಿಯುವ ನೀರಿನ ಮಿತಿ ಇನ್ನೂ ಬಹಳ ಕೆಳಗಿದೆ. ಕಾಸರಗೋಡು, ದಕ್ಷಿಣ ಕನ್ನಡಗಳನ್ನು ಕಾಡಿದ ಈ ಕೀಟನಾಶಕವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ಶ್ರೀರಂಗಪಟ್ಟಣಕ್ಕೆ ಹತ್ತಿರದ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2010ರಲ್ಲಿ ಅಟ್ರಜಿನ್ ಪತ್ತೆಗೆ ಅದ್ದುಪಟ್ಟಿಯ ವಿಧಾನವೊಂದನ್ನು ಪ್ರಕಟಿಸಿದರು. ಪಟ್ಟಿಯ ಮೇಲಿನ ಪ್ರತಿಕಾಯಗಳು ಅಟ್ರಜಿನ್ ಅಣುಗಳನ್ನು ಹಿಡಿಯುತ್ತವೆ. ವಿಷ ಹೆಚ್ಚಿದ್ದಷ್ಟೂ ಅದು ಸೂಸುವ ಬೆಳಕು ಕಡಿಮೆ.

ಜಲಜೀವನ ಮಿಷನ್ (2019) ಮಾರ್ಗಸೂಚಿಯಂತೆ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯ ತರಬೇತಿ ನೀಡಬೇಕು. ಪೆಟ್ಟಿಗೆ ಫ್ಲೋರೈಡ್, ನೈಟ್ರೇಟ್, ಗಡಸುತನಗಳನ್ನು ಬಣ್ಣದಿಂದ ತಿಳಿಸುತ್ತದೆ. ಕೀಟನಾಶಕಕ್ಕೆ ಅದರಲ್ಲಿ ಜಾಗವಿಲ್ಲ. ಮಾದರಿಯನ್ನು ಗ್ಯಾಸ್ ಕ್ರೊಮಟೋಗ್ರಫಿ ಸೌಲಭ್ಯವುಳ್ಳ ಪ್ರಯೋಗಾಲಯಕ್ಕೇ ಕಳುಹಿಸಬೇಕು.

ಹಾಗೆ ಕಳುಹಿಸುವ ನೀರನ್ನು ಗಾಢ ಬಣ್ಣದ ಗಾಜಿನ ಬಾಟಲಿಯಲ್ಲಿ ತುಂಬಿ ತಂಪಾಗಿಡಬೇಕು. ಪ್ಲಾಸ್ಟಿಕ್‌ಗೆ ಕೀಟನಾಶಕದ ಅಂಶ ಅಂಟಿಕೊಳ್ಳುತ್ತದೆ. ಫ್ಲೋರೈಡ್ ಪರೀಕ್ಷೆಗೆ ಮಾತ್ರ ಪ್ಲಾಸ್ಟಿಕ್ ಬಾಟಲಿಯೇ ಸರಿ. ಬೆಳೆಗೆ ಸಿಂಪಡಣೆ ನಡೆದ ಬಳಿಕ ಬೀಳುವ ಮೊದಲ ಜೋರು ಮಳೆಯ ನಂತರ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಮಾದರಿ ತೆಗೆಯುವುದು ಸೂಕ್ತ.