ಮುಖ ಹುಡುಕಾಟ, ಭಾಗ 4: ಏಡಿ ಬೆನ್ನ ಮೇಲೆ ಯೋಧ

ಹೋದ ವಾರದ ತೆಂಗಿನಕಾಯಿ ಕ್ಲೋಸಪ್‌ಗೆ ಎಷ್ಟೊಂದು ಜನ ‘ಗಾಬರಿಯಾದ ಕೋತಿ’ ಅಂತ ಬರೆದ್ರಿ! ಇವತ್ತಿಂದು ನಗಿಸೋ ಮುಖ ಅಲ್ಲ. ಫೋಟೋನೂ ನಂದಲ್ಲ.

ಇದು ಜಪಾನಿನ ಹೈಕೆ ಏಡಿ. ಚಿಪ್ಪು ದೊಡ್ಡದಾದ್ರೂ 3 ಸೆಂ.ಮೀ. ಆಸುಪಾಸು. ಎದುರಿನಿಂದ ಫ್ಲ್ಯಾಶ್ ಹೊಡೆದ್ರೆ ಉಬ್ಬುತಗ್ಗೆಲ್ಲ ಚಪ್ಪಟೆ. ಕ್ಯಾಮೆರಾ ಹತ್ತಿರ ಹಿಡಿದು ಬೆಳಕನ್ನ ಪಕ್ಕದಿಂದ ಬಿಡಿ, ತಗ್ಗಲ್ಲಿ ನೆರಳು ಬೀಳುತ್ತೆ: ಗಂಟಿಕ್ಕಿದ ಹುಬ್ಬು, ಅಗಲ ಮೂಗು, ಬಿಗಿದ ತುಟಿ.

ಯಾರ ಮೇಲೆ ಈ ಸಿಟ್ಟು? 1185ರ ಏಪ್ರಿಲ್. ಹೊನ್ಶು, ಕ್ಯೂಶು ದ್ವೀಪಗಳ ನಡುವಿನ ಇಕ್ಕಟ್ಟಾದ ಜಲಸಂಧಿಯಲ್ಲಿ, ದಾನ್-ನೊ-ಉರಾ ಅನ್ನೋ ಕಡೆ, ತೈರಾ ಮತ್ತು ಮಿನಮೊತೊ ಮನೆತನಗಳ ಕೊನೇ ಕಾಳಗ. ತೈರಾಗಳಿಗೇ ಹೈಕೆ ಅಂತ ಇನ್ನೊಂದು ಹೆಸರು. ಅವರು ಸೋತರು. ಅವರ ಕಡೆಯ ಚಕ್ರವರ್ತಿ ಅಂತೋಕುಗೆ ಆಗ ಬರೀ 6 ವರ್ಷ. ಅಜ್ಜಿ ತೊಕಿಕೊ ಮೊಮ್ಮಗನನ್ನ ಎತ್ಕೊಂಡೇ ಸಮುದ್ರಕ್ಕೆ ಹಾರಿದರು ಅಂತ ಹೈಕೆ ಕಥನ ಹೇಳುತ್ತೆ. ಹಿಂದೆಯೇ ಎಷ್ಟೋ ಯೋಧರೂ ಮುಳುಗಿದರು.

ಗೆದ್ದವರು ಕಾಮಾಕುರಾದಲ್ಲಿ ಶೋಗುನ್ ಆಳ್ವಿಕೆ ಕಟ್ಟಿದರು. ಸೋತವರಿಗೆ ಸಿಕ್ಕಿದ್ದು ಏಡಿಯ ಬೆನ್ನು. ಮುಳುಗಿದವರ ಆತ್ಮ ಅದರಲ್ಲಿದೆ ಅಂತ ಕರಾವಳಿ ಜನ ನಂಬಿದರು. 19ನೇ ಶತಮಾನದ ಕಲಾವಿದ ಕುನಿಯೋಶಿ ತನ್ನ ಮರದಚ್ಚಿನ ಚಿತ್ರಗಳಲ್ಲೂ ಈ ಮುಖದ ಏಡಿಗಳನ್ನ ಬಿಡಿಸಿದ್ದಾನೆ.

ಈಗ ರೀಲ್ಸ್‌ನಲ್ಲಿ ಓಡ್ತಿರೋ ಮಾತು: ಮೀನುಗಾರರು ಮುಖ ಇರೋ ಏಡಿನ ಭಯಭಕ್ತಿಯಿಂದ ನೀರಿಗೆ ಬಿಟ್ರು, ಉಳಿದದ್ದನ್ನ ತಿಂದ್ರು, ಹಾಗಾಗಿ ತಲೆಮಾರು ಕಳೆದಂತೆ ಮುಖ ಸ್ಪಷ್ಟ ಆಯ್ತು. 1952ರಲ್ಲಿ ಹೀಗೆ ಬರೆದದ್ದು ಜೀವವಿಜ್ಞಾನಿ ಜೂಲಿಯನ್ ಹಕ್ಸ್ಲಿ. 1980ರಲ್ಲಿ ಕಾರ್ಲ್ ಸೇಗನ್ ‘ಕಾಸ್ಮೋಸ್’ ಟಿವಿ ಸರಣಿಯಲ್ಲಿ ಹೇಳಿದ ಮೇಲೆ ಜಗತ್ತಿಗೆಲ್ಲ ಹಬ್ಬಿತು. ಸೇಗನ್ ಅಂದ್ರೆ ನಂಗೂ ಪ್ರಾಣ. ಆದ್ರೆ ಈ ಕಥೆ ನಿಲ್ಲಲ್ಲ ಕಣ್ರೋ. ಇಷ್ಟು ಪುಟ್ಟ ಏಡಿನ ತಿನ್ನೋಕೆ ಯಾರೂ ಹಿಡಿಯಲ್ಲ! 1993ರಲ್ಲಿ ಏಡಿತಜ್ಞ ಜೋಯಲ್ ಮಾರ್ಟಿನ್ ಇದನ್ನೇ ಎತ್ತಿ ತೋರಿಸಿದರು. ಈ ಯುದ್ಧದ ಹೆಸರೇ ಕೇಳದ ಕಡಲುಗಳ ಸಂಬಂಧಿ ಏಡಿಗಳಲ್ಲೂ ಇಂಥದೇ ಮುಖ ಇದೆ. ಆ ತಗ್ಗುಗಳು ಒಳಗಿನ ಸ್ನಾಯು ಅಂಟಿಕೊಳ್ಳೋ ಜಾಗ, ಅಷ್ಟೇ. ಎರಡು ಚುಕ್ಕಿ, ಒಂದು ಗೆರೆ ಕಂಡ್ರೆ ಸಾಕು, ನಮ್ಮ ಮಿದುಳು ಉಳಿದದ್ದನ್ನ ತುಂಬಿಕೊಳ್ಳುತ್ತೆ. ಆಗ ತಾನೇ ಹೆಣ ಕಂಡ ದಡದವರಿಗೆ ಅದು ಇನ್ಯಾರ ಮುಖವಾಗಿ ಕಾಣಬೇಕಿತ್ತು?

ಅಂತೋಕು ಹೆಸರಿನ ಅಕಾಮಾ ಮಂದಿರ ಇವತ್ತಿಗೂ ಶಿಮೊನೊಸೆಕಿಯಲ್ಲಿ, ಅದೇ ಜಲಸಂಧಿಯ ದಡದಲ್ಲಿದೆ. ಏಡಿ ಕಥೆಗಳಲ್ಲಿ ಮಾತ್ರ ಬರೋದೆಲ್ಲ ದೊಡ್ಡವರ, ಯೋಧರ ಮುಖ.