ಮೋಟಾರಿನೊಳಗೆ ಬಂದ ಬಾನುಲಿ

ಮನೆಯ ಮೇಜಿನ ಮೇಲೆ ಕುಳಿತು, ಮಾಡಿನ ಮೇಲೆ ಎಳೆದ ತಂತಿಯ ನೆರವಿನಿಂದ ದೂರದೂರಿನ ಹಾಡನ್ನು ಕೇಳಿಸುವ ಬಾನುಲಿಯ ಪರಿಚಯ ನಮ್ಮ ಶ್ರೋತೃಗಳಿಗೆ ಚೆನ್ನಾಗಿ ಉಂಟು. ಅದನ್ನೇ ಎತ್ತಿ ಓಡುವ ಕಾರಿನಲ್ಲಿಟ್ಟರೆ ಆಯಿತಲ್ಲ, ಅದೇನು ಮಹಾ ಎಂದು ಯಾರಿಗಾದರೂ ತೋರೀತು. ಇಡಲು ಹೊರಟವರಿಗೆ ಮಾತ್ರ ಅದರ ಪಾಡು ತಿಳಿಯಿತು.

ಮೊದಲನೆಯ ತೊಡಕು ವಿದ್ಯುತ್ತಿನದು. ವಾಲ್ವುಗಳ ತಂತಿಯನ್ನು ಕಾಯಿಸಲು ಕಾರಿನ ಆರು ವೋಲ್ಟಿನ ಬ್ಯಾಟರಿ ಸಾಕು. ಆದರೆ ಅವು ಕೆಲಸಮಾಡಲು ನೂರಕ್ಕೂ ಮೀರಿದ ವೋಲ್ಟು ಬೇಕು. ಅದಕ್ಕಾಗಿ ಬೇರೆ ಒಣ ಬ್ಯಾಟರಿಗಳನ್ನು ಕಾರಿನ ನೆಲಹಲಗೆಯ ಕೆಳಗೆ ಹುದುಗಿಸಬೇಕಾಗಿತ್ತು. ಅವು ತೀರಿದಂತೆಲ್ಲ ಹೊಸದನ್ನು ಕೊಳ್ಳಬೇಕು. ಎರಡನೆಯದು ಸದ್ದು. ಎಂಜಿನ್ನಿನ ಪ್ರತಿಯೊಂದು ಕಿಡಿಯೂ ಒಂದು ಪುಟ್ಟ ಪ್ರಸಾರಕೇಂದ್ರವೇ ಸರಿ. ಹಾಡಿಗಿಂತ ಅದರ ಚಟಪಟವೇ ಜೋರು. ಪ್ಲಗ್ಗುಗಳಿಗೆ ರೆಸಿಸ್ಟರ್, ಡೈನಮೋಗೆ ಕಂಡೆನ್ಸರ್ ಜೋಡಿಸಿ ಅದನ್ನು ಅಡಗಿಸಿದರು.

ಇಷ್ಟೆಲ್ಲ ಗೊಡವೆಗೆ ಕೈಹಾಕಿದವರಲ್ಲಿ ಹೆಸರಾದವನು ಅಮೆರಿಕದ ಷಿಕಾಗೊ ನಗರದ ಪಾಲ್ ಗಾಲ್ವಿನ್. 1928ರಲ್ಲಿ ತಮ್ಮ ಜೋಸೆಫನೊಡನೆ ಕಂಪನಿ ತೆರೆದ. ಬ್ಯಾಟರಿಯ ರೇಡಿಯೋವನ್ನು ಮನೆಯ ವಿದ್ಯುತ್ತಿನಿಂದ ನಡೆಸುವ ಉಪಕರಣ ಅವರ ಸರಕು. ಮನೆಯ ವಿದ್ಯುತ್ತಿಗೇ ನೇರವಾಗಿ ಹೊಂದುವ ರೇಡಿಯೋಗಳು ಬಂದು ಆ ಸರಕಿಗೆ ಗಿರಾಕಿ ಕಡಮೆಯಾದರು. 1929ರಲ್ಲಿ ಷೇರುಪೇಟೆಯೂ ಕುಸಿಯಿತು. ಕಾರಿನ ರೇಡಿಯೋ ಗೆಲ್ಲದಿದ್ದರೆ ಅಂಗಡಿ ಮುಚ್ಚುವ ಸ್ಥಿತಿ. ಬಿಲ್ ಲಿಯರ್, ಎಲ್ಮರ್ ವೇವರಿಂಗ್ ಎಂಬ ತರುಣರ ನೆರವಿನಿಂದ ತನ್ನ ಸ್ಟೂಡಿಬೇಕರ್ ಕಾರಿಗೆ ಒಂದನ್ನು ಕೂರಿಸಿ, 1930ರ ಜೂನ್‌ನಲ್ಲಿ ಸುಮಾರು 800 ಮೈಲು ದೂರದ ಅಟ್ಲಾಂಟಿಕ್ ಸಿಟಿಗೆ ಹೊರಟ. ಅಲ್ಲಿ ರೇಡಿಯೋ ತಯಾರಕರ ಸಮಾವೇಶ. ಒಳಗೆ ಮಳಿಗೆ ಹಿಡಿಯಲು ಹಣವಿಲ್ಲ. ಕಾರನ್ನು ಹೊರಗೆ ನಿಲ್ಲಿಸಿ, ಧ್ವನಿಯನ್ನು ಏರಿಸಿ, ಹೋಗಿ ಬರುವವರನ್ನು ಕರೆದ. ಸಾಲ ಕೇಳಲು ಹೋದ ಬ್ಯಾಂಕಿನವನ ಕಾರಿಗೆ ರೇಡಿಯೋ ಹಾಕಿಕೊಡಲು, ಅರ್ಧ ಗಂಟೆಯಲ್ಲಿ ಕಾರೇ ಹೊತ್ತಿಕೊಂಡಿತೆಂಬ ಕಥೆಯೂ ಉಂಟು. ಸಾಲವಂತೂ ಹುಟ್ಟಲಿಲ್ಲವಂತೆ!

ಅವನ ಸರಕಿನ ಹೆಸರು ಮೋಟರೋಲಾ. ಬೆಲೆ 110ರಿಂದ 130 ಡಾಲರ್. ಆಗ ಫೋರ್ಡ್ ಕಂಪನಿಯ ಸಾಧಾರಣ ಕಾರೇ ಐನೂರು ಡಾಲರಿನ ಆಚೀಚೆ ಸಿಕ್ಕುತ್ತಿತ್ತು. ಕಾರಿನ ಐದನೆಯ ಒಂದು ಪಾಲನ್ನು ಹಾಡಿಗೆ ಕೊಟ್ಟು, ಮೇಲೆ ಏರಿಯಲ್ಲಿಗಾಗಿ ಒಳಚಾವಣಿಯನ್ನೂ ಬ್ಯಾಟರಿಗಾಗಿ ನೆಲಹಲಗೆಯನ್ನೂ ಕೊಯ್ಯಿಸಿಕೊಳ್ಳುವ ಗೃಹಸ್ಥರು ಎಷ್ಟು ಮಂದಿ? ಚಾಲಕನ ಗಮನ ಚದುರುವುದೆಂದು ಇದನ್ನು ನಿಷೇಧಿಸಬೇಕೆಂಬ ಮಾತೂ ಕೆಲವೆಡೆ ಎದ್ದಿತು. (ಮಾತನಾಡುವ ಸಹಪ್ರಯಾಣಿಕರನ್ನು ನಿಷೇಧಿಸುವ ಮಾತು ಎದ್ದಂತೆ ಕಾಣೆ.)

ಬಡವರ ಪಾಲಿಗೆ ಬಂದ ಉಪಕಾರಿ ವೈಬ್ರೇಟರ್. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅದುರುವ ಒಂದು ಉಕ್ಕಿನ ನಾಲಗೆ, ಕಾರಿನ ಬ್ಯಾಟರಿಯ ಪ್ರವಾಹವನ್ನು ಕಡಿದು ಕೂಡಿಸಿ ಟ್ರಾನ್ಸ್‌ಫಾರ್ಮರಿಗೆ ಉಣಿಸುವುದು; ಬೇಕಾದ ವೋಲ್ಟು ಅಲ್ಲಿಂದ. ಒಣ ಬ್ಯಾಟರಿಗಳ ಖರ್ಚು ಉಳಿಯಿತು. ಆದರೆ ಜೇನಿನಂತೆ ಗುಂಯ್‌ಗುಟ್ಟುವ ಆ ನಾಲಗೆಯ ಮೊನೆಗಳು ಸವೆಯುತ್ತಿದ್ದುವು. ಕಿತ್ತು ಬೇರೊಂದನ್ನು ಸಿಕ್ಕಿಸಬೇಕು. ಎಂಜಿನ್ ನಿಲ್ಲಿಸಿ ಬಹಳ ಹೊತ್ತು ಹಾಡು ಕೇಳಿದವರು ಮನೆಗೆ ಕಾರನ್ನು ನೂಕಿಕೊಂಡು ಹೋಗಲು ಸಿದ್ಧರಿರಬೇಕು. 1934ರಲ್ಲಿ ಗುಡ್‌ರಿಚ್ ಟೈರಿನ ಅಂಗಡಿಗಳಲ್ಲಿ ಮೋಟರೋಲಾ ಮಾರಿ ಕೂರಿಸಿಕೊಡುವ ಏರ್ಪಾಡಾಯಿತು. ಕೂಲಿಯೂ ಸೇರಿ ಬೆಲೆ 55 ಡಾಲರಿಗೆ ಇಳಿದಿತ್ತು.

ಜರ್ಮನಿಯಲ್ಲಿ 1932ರಲ್ಲಿ ಬ್ಲೌಪುಂಕ್ಟ್ ತಂದ ರೇಡಿಯೋಗೆ 465 ಮಾರ್ಕು, ಹತ್ತಿರ ಹತ್ತಿರ ಕಾರಿನ ಮೂರನೆಯ ಒಂದು ಪಾಲು. ಅಲ್ಲಿ ಅದು ಶ್ರೀಮಂತರ ಮಾತಾಗಿಯೇ ಉಳಿಯಿತು.

ಮುಂದಿನದನ್ನು ಬೇಗ ಹೇಳಬಹುದು. 1956ರ ಹೊತ್ತಿಗೆ ಕ್ರೈಸ್ಲರ್ ಕಾರುಗಳಲ್ಲಿ ಫಿಲ್ಕೊ ತಯಾರಿಸಿದ, ವಾಲ್ವೇ ಇಲ್ಲದ ಟ್ರಾನ್ಸಿಸ್ಟರ್ ರೇಡಿಯೋ ಬಂದು, ಗುಂಯ್‌ಗುಟ್ಟುವ ನಾಲಗೆ ಬೇಡವಾಯಿತು. 1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ಹೊರತಂದಿತು. 1968ರಲ್ಲಿ ಅದು ಕಾರನ್ನೂ ಹೊಕ್ಕಿತು. ಕೊಳ್ಳುವವರಿಗೆ ಅದಕ್ಕಿಂತ ದೊಡ್ಡ ಉಪಕಾರವೆಂದು ನಾನು ಎಣಿಸುವುದು ಜರ್ಮನರು ಗೊತ್ತುಮಾಡಿದ ಒಂದು ತೂತಿನ ಅಳತೆಯನ್ನು: ಅಗಲ 180 ಮಿಲಿಮೀಟರು, ಎತ್ತರ 50. ಆ ಅಳತೆಯ ಗೂಡುಳ್ಳ ಕಾರಿಗೆ ಅದೇ ಅಳತೆಯ ಯಾವ ಕಂಪನಿಯ ಪೆಟ್ಟಿಗೆಯನ್ನಾದರೂ ತಂದು, ಗರಗಸ ಮುಟ್ಟದೆ ಒಳಕ್ಕೆ ತಳ್ಳಬಹುದು.