ಶರೀಫಜ್ಜನ ಪದ ಗಿಟಾರಿಗೆ ಬಂದದ್ದು

ನಮ್ಮ ಬೋರಗಾಂವ ಕಡೆ ಶಿಶುನಾಳ ಶರೀಫಜ್ಜನ ಪದ ಅಂದ್ರ ಭಜನಿಯೊಳಗ ತಾಳ, ಪೇಟಿ ಹಿಡಕೊಂಡು ಹಾಡೂದು. ಆಮ್ಯಾಲೆ ಸಿ. ಅಶ್ವತ್ಥ ಅವ್ರ ಕ್ಯಾಸೆಟ್ ಬಂದು ಮನಿಮನಿ ಮುಟ್ಟಿದ್ವು. ಅದೇ ಪದಾನ ಗಿಟಾರ್ ಜೋಡಿ ಹಾಡಿ ಹೆಸರಾದವ್ರು ಮೈಸೂರಾಗ ಬೆಳೆದ ರಘು ದೀಕ್ಷಿತ್.

ಅವ್ರು ಓದಿದ್ದು ಮೈಕ್ರೋಬಯಾಲಜಿ, ಚಿನ್ನದ ಪದಕ ಬ್ಯಾರೆ. ಭರತನಾಟ್ಯನೂ ಕಲ್ತಾರ. ಬೆಲ್ಜಿಯಮ್‌ದಾಗ ನೌಕರಿ ಇತ್ತು, ಅದನ್ನೂ ಬಿಟ್ಟು ಹಾಡಿನ ಬೆನ್ನ ಹತ್ತಿದ್ರು. ಮನಿಯವ್ರಿಗೆ ಹೆಂಗಾಗಿರಬೇಕು ಹೇಳ್ರಿ! 'ಅಂತರಾಗ್ನಿ' ಅಂತ ತಂಡ ಕಟ್ಟಿ ಹಾಡಿದ್ರೂ ಕಂಪನಿಯವ್ರು ವರ್ಷಗಟ್ಟಲೆ ಬ್ಯಾಡಂದ್ರು. ಕಡೀಕ ಮುಂಬೈದಾಗ ಹಿಂದಿ ಸಿನಿಮಾ ಸಂಗೀತದ ವಿಶಾಲ್-ಶೇಖರ್ ಕೇಳಿ ಮೆಚ್ಚಿ, ತಮ್ಮ ಕಂಪನಿಯಿಂದ 2008ರಾಗ ಆಲ್ಬಮ್ ತಂದ್ರು. ಹಿಂದಿ ಹಾಡುಗಳ ನಡುವ ಶರೀಫಜ್ಜನ ಎರಡು ಪದ: ಗುಡಗುಡಿದೊಂದು, ಸೋರೋ ಮಾಳಿಗಿದೊಂದು. 1889ರಾಗ ತೀರಿಕೊಂಡ ಅಜ್ಜನ ಪದ! 2010ರಾಗ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಾಗ ರಘು ಹಾಡಿದ ಮ್ಯಾಲೆ ಆ ಆಲ್ಬಮ್ ಬ್ರಿಟನ್ನಿನ್ಯಾಗೂ ಓಡ್ತು.

ಗುಡಗುಡಿ ಪದ ಗಿಟಾರಿಗೆ ಛಲೋ ಕುಂತೈತಿ. ಮಾಳಿಗಿ ಪದ ಮಾತ್ರ ನನಗ ಭಜನಿಯ ನಿಧಾನದಾಗs ಬೇಕು. ಅಜ್ಜ ಹೇಳಿದ್ದು ಮೈಯೆಂಬೋ ಮಾಳಿಗಿ, ಖರೆ. ಆದ್ರ ಮಣ್ಣಿನ ಮಾಳಿಗಿ ಸೋರೂದು ನಮಗ ಗೊತ್ತಲ್ರಿ, ಮಳಿ ಹಿಡೀತಂದ್ರ ಬೋಗಾಣಿ ಇಟ್ಟು, ಹಾಸಿಗಿ ಸರಿಸ್ಕೋತ ರಾತ್ರಿ ಕಳೀತಿದ್ವಿ. ಸ್ಲ್ಯಾಬಿನ ಮನ್ಯಾಗ ಹುಟ್ಟಿದ ಹುಡುಗೂರು ಮೊಬೈಲಿನ್ಯಾಗ ರಘು ಹಾಡಿದ್ದು ಕೇಳಿ, "ಮಾಳಿಗಿ ಯಾಕ ಸೋರತೈತಿ?" ಅಂತಾವ. ಹೇಳಾಕ ಕುಂತ್ರ ಶರೀಫಜ್ಜನ ಕತಿ ಪೂರಾ ಹೇಳಬೇಕಾಗತೈತಿ, ಅಡಗಿ ತಡಾ ಆಗತೈತಿ.